ಸಹಾಯ ಬೇಕು: ಐಸಿಯುನಲ್ಲಿರುವ ಅಪ್ಪನಿಗೆ ವಿಟಮಿನ್ ಡಿ ಹೈ ಡೋಸ್ ಕೊಡಿಸಬೇಕಾ?

ಗುಂಪಿನಲ್ಲಿರುವ ಡಾಕ್ಟರ್‌ಗಳು, ಐಸಿಯು ನರ್ಸ್‌ಗಳು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. ಅಪ್ಪನಿಗೆ ನ್ಯುಮೋನಿಯಾ, ವೆಂಟಿಲೇಟರ್ ಮೇಲಿದ್ದಾರೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ 9 (ng/mL) ಬಂದಿದೆ. ಮೂಗಿನ ಟ್ಯೂಬ್ ಮೂಲಕ ದೊಡ್ಡ ಡೋಸ್ ಕೊಡಬಹುದು, ಆದರೆ ಲಾಭ ಖಚಿತವಿಲ್ಲ ಅಂತ ಡಾಕ್ಟರು ಹೇಳಿದರು. ಚಿಕ್ಕಪ್ಪ ಮಾತ್ರ ಕೊಡಿಸಲೇಬೇಕು ಅಂತಿದ್ದಾರೆ. ಮೆಡಿಕಲ್ ಶಾಪಿನಿಂದ 60,000 ಯೂನಿಟ್ ಸ್ಯಾಶೆ ನಾವೇ ತರೋಣ ಅಂದರು, ಅದಕ್ಕೆ ನಾನು ಒಪ್ಪಿಲ್ಲ.

ನಾನು ಓದಿಕೊಂಡಿದ್ದು ಇಷ್ಟು. 2014ರ ಆಸ್ಟ್ರಿಯಾ ಪ್ರಯೋಗದಲ್ಲಿ 5,40,000 ಯೂನಿಟ್ ಕೊಟ್ಟರೂ ಆಸ್ಪತ್ರೆಯಲ್ಲಿರುವ ದಿನಗಳು ಕಡಿಮೆಯಾಗಲಿಲ್ಲ. ಆದರೆ ಮಟ್ಟ 12 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಆಸ್ಪತ್ರೆಯೊಳಗಿನ ಸಾವು ಕಡಿಮೆ ಕಂಡಿತ್ತು. 2019ರಲ್ಲಿ ಅಮೆರಿಕದ ವಯೊಲೆಟ್ ಪ್ರಯೋಗ ಅದೇ ಡೋಸ್ ಕೊಟ್ಟು ನೋಡಿತು. 90 ದಿನಗಳ ಸಾವಿನ ಲೆಕ್ಕದಲ್ಲಿ ಪ್ರಯೋಜನ ಸಿಗಲಿಲ್ಲ, ತೀವ್ರ ಕೊರತೆ ಇದ್ದವರಿಗೂ. ಇಲ್ಲೇ ನನ್ನ ತಲೆ ಕೆಟ್ಟಿದೆ.

ಇಷ್ಟು ಕಡಿಮೆ ಇದ್ದಾಗ ನಿಮ್ಮ ಐಸಿಯುಗಳಲ್ಲಿ ಏನು ಮಾಡ್ತೀರಿ? ಒಂದೇ ಸಲ ದೊಡ್ಡ ಡೋಸಾ, ದಿನಾ ಸ್ವಲ್ಪ ಸ್ವಲ್ಪವಾ? ಸೋಂಕು ಮತ್ತು ಡ್ರಿಪ್‌ನಿಂದಲೇ ಮಟ್ಟ ಇಳಿದು ಕಾಣುತ್ತಂತೆ, ಹಾಗಾದರೆ ಈ 9 ಅನ್ನು ಎಷ್ಟು ನಂಬಬೇಕು? ಅಪ್ಪನಿಗೆ ಹಿಂದೆ ಕಿಡ್ನಿ ಸ್ಟೋನ್ ಆಗಿತ್ತು, ಈ ದೊಡ್ಡ ಡೋಸ್‌ನಿಂದ ಕ್ಯಾಲ್ಸಿಯಂ ಏರುವ ಭಯ ನನಗಿದೆ. ನಾಳೆ ಬೆಳಿಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರನ್ನು ಏನು ಕೇಳಬೇಕು ಅಂತ ತಿಳಿಸಿದರೂ ದೊಡ್ಡ ಉಪಕಾರ.