ಟ್ರೆಬಲ್ ಹುಕ್ಕಿಗೆ ಪುಕ್ಕ ನೆಟ್ಟಗೆ ನಿಲ್ಲುತ್ತಿಲ್ಲ, ಸಹಾಯ ಬೇಕು

ಅಣ್ಣಂದಿರೇ, ನಾನು ಬಾಗಲಕೋಟೆಯವನು. ಆಲಮಟ್ಟಿ ಹಿನ್ನೀರಲ್ಲಿ ಗಾಳ ಹಾಕುತ್ತೇನೆ. ಕಟ್ಟಿಗೆಯ ಲ್ಯೂರ್ (ಮೀನು ಸೆಳೆಯುವ ನಕಲಿ ಎರೆ) ನಾನೇ ಕೆತ್ತುತ್ತೇನೆ, ಅದೇನೂ ತೊಂದರೆ ಇಲ್ಲ. ಅದರ ಬಾಲದ ಕಡೆಯ ಟ್ರೆಬಲ್ ಹುಕ್ಕಿಗೆ (ಮೂರು ಮುಳ್ಳಿನ ಕೊಕ್ಕೆ) ಹುಂಜದ ಕತ್ತಿನ ಪುಕ್ಕ ಕಟ್ಟುವುದೇ ತಲೆನೋವು.

ಮುಳ್ಳುಗಳ ನಡುವೆ ಒಂದೊಂದು ಪುಕ್ಕ ಇಟ್ಟು ದಾರ ಸುತ್ತುತ್ತೇನೆ. ಬಿಗಿ ಮಾಡಿದ ಕೂಡಲೇ ಮೂರೂ ಪುಕ್ಕ ದಾರದ ಜೊತೆ ತಿರುಗಿ ಒಂದೇ ಕಡೆ ಸೇರುತ್ತವೆ. ಮೊದಲು ಬರೀ ದಾರ ಸುತ್ತಿ, ಅದರ ಮೇಲೆ ಕಟ್ಟಿ ನೋಡಿದೆ. ಸ್ವಲ್ಪ ವಾಸಿ, ಅಷ್ಟೇ. ಸೂಪರ್ ಗ್ಲೂ ಹಾಕಿದರೆ ಅಂಟು ಮೇಲೇರಿ ಪುಕ್ಕ ಕಡ್ಡಿಯಂತಾಯಿತು. ಈಗ ಗಂಟಿಗೆ ನೈಲ್ ಪಾಲಿಶ್ ಹಚ್ಚುತ್ತಿದ್ದೇನೆ (ಮನೆಯಲ್ಲಿ ಬೈಸಿಕೊಂಡಿದ್ದೂ ಆಯಿತು).

ದಾರ ಸುತ್ತುವ ಜಾಗದಲ್ಲಿ ಪುಕ್ಕದ ಎಳೆ ಪೂರ್ತಿ ಕಿತ್ತು ಬರೀ ದಂಟು ಉಳಿಸಬೇಕಾ, ಇಲ್ಲ ಹಿಡಿತಕ್ಕೆ ಸ್ವಲ್ಪ ಎಳೆ ಬಿಡಬೇಕಾ? ನೀರಲ್ಲಿ ಪುಕ್ಕ ಚೆನ್ನಾಗಿ ಆಡಬೇಕಾದರೆ ಅದರ ಬಾಗು ಒಳಮುಖ ಇರಬೇಕಾ, ಹೊರಮುಖವಾ? ಕಟ್ಟಿ ಅನುಭವ ಇದ್ದವರು ಹೇಳಿ.