ಬೈನರಿ ದಾಖಲೆಗೆ ಎರರ್ ಟೈಪ್ ಹೆಂಗ ಒಡೀಬೇಕು? ಬೀದರ್ ಓದ್ತದ, ಕಲಬುರಗಿ ಬಂದ್ರ ನಿಂತುಬಿಡ್ತದ

ತೊಗರಿಕಣ, ಕಲಬುರಗಿ

ತೊಗರಿ ತೂಕದ ಯಂತ್ರದಿಂದ ಬರೋ ದಾಖಲೆ ಓದ್ಲಾಕ ರಸ್ಟ್ ಭಾಷೆನಾಗ ಲೈಬ್ರರಿ ಬರೀಲಾಕತ್ತೀನಿ. ಒಂದು ದಾಖಲೆ 31 ಬೈಟ್: ಗುರುತು 2, ಆವೃತ್ತಿ 1, ಉದ್ದ 2, ತೂಕ 4, ಊರಿನ ಹೆಸರು 20 (ಯುಟಿಎಫ್-8, ಅಂದ್ರ ಅಕ್ಷರಗಳನ್ನ ಬೈಟ್ ಮಾಡೋ ಪದ್ಧತಿ; ಉಳಿದ ಜಾಗಕ್ಕ ಸೊನ್ನೆ), ಸಿಆರ್‌ಸಿ (ದಾರಿಯಾಗ ಬೈಟ್ ಕೆಟ್ಟಾವೇನು ಅಂತ ನೋಡೋ ಲೆಕ್ಕ) 2. ಎನ್‌ಕೋಡ್ (ದಾಖಲೆನ ಬೈಟ್ ಮಾಡೋದು), ಡಿಕೋಡ್ (ಬೈಟಿನಿಂದ ದಾಖಲೆ ಓದೋದು) ಎರಡಕ್ಕೂ ಒಂದೇ ಎನಮ್ (ಎರರ್ ಬಗೆಗಳ ಪಟ್ಟಿ) ಅದ, ಅದರಾಗ ಮೂರು ಬಗೆ: ಐಒ (ಪೋರ್ಟ್ ಓದೋವಾಗಿನ ತಪ್ಪು), ಡೇಟಾ ಸಾಲದು, ಡೇಟಾ ಕೆಟ್ಟದ. ಬೀದರ್ ದಾಖಲೆ ಸರಿ ಓದ್ತದ. ಕಲಬುರಗಿ, ಯಾದಗಿರಿ ಬಂದ್ರ ಎರರೂ ಇಲ್ಲ, ಉತ್ತರಾನೂ ಇಲ್ಲ, ಕಾಯ್ಕೋತ ಕೂಡ್ತದ. ಸಿಆರ್‌ಸಿ ಮಾತ್ರ ಹೊಂದ್ತದ.

ಬಿದರಿಕುಸುರಿ, ಬೀದರ್

ಯುಟಿಎಫ್-8ನಾಗ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ (ಯುನಿಕೋಡ್ ನಂಬರ್ ಇರೋ ಒಂದೊಂದು ಗುರುತು) 3 ಬೈಟ್, ಕಾಗುಣಿತದ ಚಿಹ್ನೆಗೂ ಬ್ಯಾರೆ 3. ‘ಬೀದರ್’ ಅಂದ್ರ 5 ಕೋಡ್‌ಪಾಯಿಂಟ್, 15 ಬೈಟ್. ‘ಕಲಬುರಗಿ’ 7, ಅಂದ್ರ 21. ‘ಯಾದಗಿರಿ’ನೂ 21. ನಿಮ್ಮ ಜಾಗ 20. ಕಡೀ ಗುಡಿಸಿನ ಮೂರನೇ ಬೈಟ್ ಹೊರಗ ಬಿತ್ತು.

ಇಂಥಾ ಕಡೆ ರಸ್ಟ್ ಕೊಡೋ ಯುಟಿಎಫ್8ಎರರ್‌ನಾಗ ವ್ಯಾಲಿಡ್_ಅಪ್_ಟು (ಎಷ್ಟು ಬೈಟ್ ತನಕ ಸರಿ ಅದ) 18 ಬರ್ತದ, ಎರರ್_ಲೆನ್ (ಕೆಟ್ಟ ಬೈಟ್ ಎಷ್ಟು) ‘ನನ್’ (None) ಬರ್ತದ. ‘ನನ್’ ಅಂದ್ರ ಅಕ್ಷರದ ನಡುವೆ ಬೈಟ್ ಮುಗಿದ್ವು ಅಂತ. ಅದನ್ನ ನೀವು ‘ಡೇಟಾ ಸಾಲದು’ಗೆ ಹಾಕೀರಿ, ಅದಕ್ಕ ಓದುಗ ಇನ್ನಷ್ಟು ಬೈಟಿಗೆ ಕಾಯ್ತದ. ಆದ್ರ ಆ 20 ಬೈಟ್ ಪೂರಾ ಬಂದಾಗ್ಯಾವ, ಎಷ್ಟು ಕಾದ್ರೂ 21ನೇದು ಬರೂದಿಲ್ಲ. ಹರಿವಿನಾಗ ‘ನನ್’ಗೆ ಕಾಯೋದು ಸರಿ, ಉದ್ದ ಗೊತ್ತಿರೋ ಫೀಲ್ಡ್‌ನಾಗ ಅದು ಕೆಟ್ಟ ಡೇಟಾನೇ.

ಸಿಆರ್‌ಸಿ ಹೊಂದ್ತದ ಅಂದ್ರಿ. ಹಂಗಾದ್ರ ತಂತಿದು ತಪ್ಪಿಲ್ಲ, ಸಿಆರ್‌ಸಿ ಲೆಕ್ಕ ಹಾಕೋಕಿಂತ ಮೊದಲೇ ಎನ್‌ಕೋಡರ್ ಹೆಸರು ಕತ್ತರಿಸ್ಯದ.

ಭೀಮಾದಂಡೆ, ಯಾದಗಿರಿ

ಎನಮ್ ಎರಡು ಮಾಡ್ರಿ. ಎನ್‌ಕೋಡ್‌ದಾಗ ಸಿಆರ್‌ಸಿ ತಪ್ಪಾಗೋ ಪ್ರಶ್ನೇನೇ ಇಲ್ಲ, ಡಿಕೋಡ್‌ದಾಗ ‘ಹೆಸರು ಹಿಡಿಯೂದಿಲ್ಲ’ ಅನ್ನೋದೂ ಇಲ್ಲ. ಒಂದೇ ಎನಮ್ ಇಟ್ರ ಬಳಸೋರು ಎಂದೂ ಬರದ ಬಗೆಗೂ ಮ್ಯಾಚ್ (ಆ ಬಗೆ ಬಂದ್ರ ಏನು ಮಾಡಬೇಕು ಅನ್ನೋ ಕೋಡ್) ಬರೀಬೇಕು.

ಎನ್‌ಕೋಡ್‌ಗೆ ನಿಮಗ ಒಂದೇ ಬಗೆ ಸಾಕು: ಫೀಲ್ಡ್ ತುಂಬಿತು, ಅದರೊಳಗ ಫೀಲ್ಡ್ ಹೆಸರು, ಬೇಕಾದ ಬೈಟ್ (21), ಇರೋ ಜಾಗ (20). ಅಕ್ಷರದ ಗಡಿ ನೋಡಿ 18ಕ್ಕ ಕತ್ತರಿಸೋ ಉಪಾಯ ಬ್ಯಾಡ್ರಿ. ‘ಕಲಬುರಗ’ ಯುಟಿಎಫ್-8 ಪರೀಕ್ಷೆ ಪಾಸಾಗ್ತದ, ಊರು ಮಾತ್ರ ತಪ್ಪಾಗ್ತದ.

ಡಿಕೋಡ್ ಬಗೆ ಒಡೆಯೋವಾಗ ಕರೆದವರು ಮುಂದ ಏನು ಮಾಡಬೇಕು ಅನ್ನೋದು ನೋಡ್ರಿ. ‘ಇನ್ನೂ ಇಷ್ಟು ಬೈಟ್ ಬೇಕು’ ಅಂದ್ರ ಕಾಯಬೇಕು. ಗುರುತು ತಪ್ಪಾದ್ರ ಒಂದು ಬೈಟ್ ಸರಿದು ಮತ್ತ ಹುಡುಕಬೇಕು. ಆವೃತ್ತಿ ಗೊತ್ತಿಲ್ಲಂದ್ರ ಸಾಫ್ಟ್‌ವೇರ್ ಹಳೇದು. ಸಿಆರ್‌ಸಿ ತಪ್ಪಿದ್ರ ಮತ್ತ ಕಳಿಸು ಅನ್ನಬೇಕು. ಪಠ್ಯ ಕೆಟ್ಟದ ಅಂದ್ರ ಮತ್ತ ಕಳಿಸಿದ್ರೂ ಅದೇ ಬರ್ತದ. ಪರೀಕ್ಷೇನೂ ಇದೇ ಸಾಲಿನಾಗ ಇರ್ಲಿ, ಉದ್ದ ಮಾತ್ರ ಸಿಆರ್‌ಸಿಕಿಂತ ಮೊದಲು. ಉದ್ದ ಕೆಟ್ಟು 65535 ಅಂತ ಬಂದ್ರ ಮಿತಿ ನೋಡದ ಡಿಕೋಡರ್ ಅಷ್ಟು ಬೈಟಿಗೂ ಕಾಯ್ತದ, ಅದಕ್ಕೊಂದು ‘ಉದ್ದ ಮಿತಿ ಮೀರಿದೆ’ ಇಡ್ರಿ. ಪ್ರತಿ ಎರರ್‌ನಾಗೂ ದಾಖಲೆ ಶುರುವಿನಿಂದ ಎಷ್ಟನೇ ಬೈಟ್ ಅನ್ನೋದು ಇರ್ಲಿ. ‘ಡೇಟಾ ಕೆಟ್ಟದ’ ಅಂತ ಬರೀ ಲಾಗ್ ಬಂದ್ರ ಯಾರಿಗೂ ಉಪಯೋಗಿಲ್ಲ.

ಎನಮ್ ಮ್ಯಾಲ ನಾನ್_ಎಕ್ಸಾಸ್ಟಿವ್ ಹಾಕ್ರಿ, ನಾಳೆ ಒಂದು ಬಗೆ ಸೇರಿಸಿದ್ರ ಬಳಸೋರ ಕೋಡ್ ಮುರಿಯೂದಿಲ್ಲ.

ತೊಗರಿಕಣ, ಕಲಬುರಗಿ

ಕಾಯೋದು ನಿಂತ್ತು, ಈಗ ಎರರ್ ಬರ್ತದ. ಇನ್ನೆರಡು ಕೇಳೋದದ. ಐಒ ಎರರ್ ಒಳಗ ಇಟ್ಟಿದ್ದಕ್ಕ ಪಾರ್ಶಿಯಲ್‌ಈಕ್ಯೂ (ಎರಡು ಒಂದೇನಾ ಅಂತ ಹೋಲಿಸೋ ಸೌಲಭ್ಯ) ತಾನಾಗಿ ಡಿರೈವ್ ಆಗವಲ್ದು, ಟೆಸ್ಟ್‌ನಾಗ ಹೋಲಿಸ್ಲಾಕ ಬರೂದಿಲ್ಲ. ಮತ್ತ ಕತ್ತರಿಸಿದ ಹಳೇ ದಾಖಲೆಗಳಿಗೆ ಏನು ಮಾಡ್ಲಿ?

ಬಿದರಿಕುಸುರಿ, ಬೀದರ್

ಐಒ ಎರರ್‌ಗೆ ಪಾರ್ಶಿಯಲ್‌ಈಕ್ಯೂನೂ ಇಲ್ಲ, ಕ್ಲೋನೂ (ನಕಲು ಮಾಡೋದು) ಇಲ್ಲ. ಡಿಕೋಡರ್‌ಗೆ ಬೈಟ್ ಸ್ಲೈಸ್ (ಬಂದು ಮೆಮೊರಿಯಾಗ ಇರೋ ಬೈಟ್ ಸಾಲು) ಅಷ್ಟೇ ಕೊಡ್ರಿ. ಪೋರ್ಟ್ ಓದೋ ಕೆಲಸ ಹೊರಗಿನ ಪದರಕ್ಕ ಬಿಡ್ರಿ, ಅಲ್ಲಿ ‘ಐಒ’ ಮತ್ತ ‘ಡಿಕೋಡ್’ ಎರಡೇ ಬಗೆಯ ಇನ್ನೊಂದು ಎನಮ್ ಸಾಕು. ಸಂಪರ್ಕ ಮುಗಿದ ಮ್ಯಾಲೂ ‘ಇನ್ನೂ ಬೇಕು’ ಅಂದ್ರ ಅದು ಅರ್ಧ ದಾಖಲೆ ಅನ್ನೋ ತೀರ್ಮಾನಾನೂ ಅಲ್ಲೇ.

ಹಳೇ ದಾಖಲೆಗೆ ಫ್ರಮ್_ಯುಟಿಎಫ್8_ಲಾಸಿ (ಕೆಟ್ಟ ಬೈಟ್ ಜಾಗಕ್ಕ ಬದಲಿ ಗುರುತು ಹಾಕೋ ಫಂಕ್ಷನ್) ಹಚ್ಚಬ್ಯಾಡ್ರಿ, ಕಡೀಗೆ ಪ್ರಶ್ನಾರ್ಥಕ ಚಿಹ್ನೆ ಇರೋ ವಜ್ರಾಕಾರದ ಗುರುತು ಕೂತು ಡೇಟಾಬೇಸ್‌ಗೆ ಹೋಗ್ತದ, ಮೂಲ ಬೈಟ್ ಕಳೀತಾವ. ಪಠ್ಯದ ಎರರ್‌ನಾಗ ಆ 20 ಬೈಟ್ ಹಂಗೇ ಇಟ್ಟು, ಊರುಗಳ ಪಟ್ಟಿಯಾಗ ಅದೇ 20 ಬೈಟಿನಿಂದ ಶುರುವಾಗೋ ಹೆಸರು ಹುಡುಕ್ರಿ. ಒಂದೇ ಸಿಕ್ರ ಹಾಕ್ರಿ, ಎರಡು ಸಿಕ್ರ ರಸೀದಿ ನೋಡಿ ಕೈಯಿಂದ ತುಂಬ್ರಿ. ಆವೃತ್ತಿ 2ರಾಗ ಹೆಸರಿನ ಮುಂದ ಒಂದು ಬೈಟ್ ಉದ್ದ ಇಟ್ರ 255 ಬೈಟ್ ತನಕ, ಅಂದ್ರ 85 ಕನ್ನಡ ಕೋಡ್‌ಪಾಯಿಂಟ್ ಹಿಡೀತಾವ.