ಮರು: ‘ನೆಟ್‌ವರ್ಕ್ ಸ್ವಿಚ್ ಆಗು’ ಅನ್ನುವುದಕ್ಕೆ ಕನ್ನಡ ಪದ (ತುರ್ತು)

‘ಜನ ಹೆಚ್ಚಾದಾಗ ಫೋನು ತಾನಾಗಿ ವೈಫೈಗೆ ಸ್ವಿಚ್ ಆಗುತ್ತದೆ’ ಅಂತ ನಾಳೆ ಬೆಳಿಗ್ಗೆ ಸಭಾಭವನದ ಬೋರ್ಡು ಬರೆಸಬೇಕು, ‘ಸ್ವಿಚ್ ಆಗು’ ಅನ್ನುವುದಕ್ಕೆ ‘ಹಸ್ತಾಂತರ’ವೋ ‘ಜಾಲಾಂತರ’ವೋ ಅಂತ ಕೇಳಿದ್ದೀರಿ. ಹಾಗಾಗಿ ಮೊದಲು ಉತ್ತರ: ‘ಹೊರಳು’. ಫೋನು ವೈಫೈಗೆ ಹೊರಳುತ್ತದೆ, ನಾವು ಹೊರಳಿಸುತ್ತೇವೆ.

‘ಹಸ್ತಾಂತರ’ ಬೇಡ. ಅದು ಅಧಿಕಾರಕ್ಕೆ, ಆಸ್ತಿಗೆ ಸರಿ. ‘ಜಾಲಾಂತರ’ ಬೇಡವೇ ಬೇಡ. ಪಕ್ಷಾಂತರ, ಭಾಷಾಂತರದ ಜಾಡಿನಲ್ಲಿ ಕಟ್ಟಿದ್ದೀರಿ, ಒಪ್ಪಿದೆ. ಆದರೆ ಸಂಸ್ಕೃತದಲ್ಲಿ ಆ ಪದ ಆಗಲೇ ಇದೆ. ಕಿಟಕಿ ಜಾಲರಿಯ ಸಂದು ಅಂತ ಅದರ ಅರ್ಥ.

‘ಸ್ವಿಚ್’ ಪರಭಾಷೆ, ‘ಬದಲಾಗು’ ಅಚ್ಚಗನ್ನಡ ಎಂದು ನಿನ್ನೆ ಬರೆದವರಿಗೆ: ಬದಲು ಅರಬ್ಬಿಯ ‘ಬದಲ್’. ತಕರಾರು, ವಕೀಲ ಕೂಡ ಅಲ್ಲಿಯವೇ. ಬಂದು ಎಷ್ಟೋ ಕಾಲವಾಯಿತು, ಈಗ ನಮ್ಮವೇ. ಅವುಗಳಿಗೆ ಜಾಗ ಕೊಟ್ಟ ಹಾಗೆ ವೈಫೈಗೂ ಕೊಡಿ, ಸುಮ್ನೆ ಅದನ್ನೂ ತಿರುಚಬೇಡಿ. ಬದಲು ಇಲ್ಲಿ ಒಗ್ಗದೇ ಇರುವುದಕ್ಕೆ ಕಾರಣ ಬೇರೆ. ‘ಫೋನು ವೈಫೈಗೆ ಬದಲಾಗುತ್ತದೆ’ ಅಂದರೆ ಫೋನೇ ಬದಲಾದ ಹಾಗೆ ಕೇಳಿಸುತ್ತದೆ.

ಹೊರಳು ಹಳಗನ್ನಡದ ಪೊರಳ್. ತಮಿಳಲ್ಲಿ ಪುರಳ್, ತೆಲುಗಲ್ಲಿ ಪೊರಲು. ಮಗು ನಿದ್ದೆಯಲ್ಲಿ ಮಗ್ಗುಲಿಗೆ ಹೊರಳುತ್ತದೆ. ಮಾತು ಬೇರೆ ಕಡೆ ಹೊರಳುತ್ತದೆ. ಇದ್ದಲ್ಲೇ ಇದ್ದು ಮುಖ ಮಾತ್ರ ಇನ್ನೊಂದು ಕಡೆ. ಫೋನು ಮಾಡುವುದೂ ಅದನ್ನೇ ಅಲ್ವಾ?

ಇನ್ನು ‘ಹೊರಳಿಸು’ವಿನ ‘ಇಸು’ ಯಾರ ಪಾಲಿಗೆ, ಅಂದರೆ ಹೊರಳಿಸುವವರು ಯಾರು ಅನ್ನುವುದು ಮುಖ್ಯ. ಬಸ್ಸಲ್ಲಿ ಮಾತಾಡುತ್ತಾ ಹೋಗುವಾಗ ಕರೆ ಒಂದು ಟವರ್‌ನಿಂದ ಇನ್ನೊಂದಕ್ಕೆ ದಾಟುತ್ತದೆ. ಅಲ್ಲಿ ಫೋನು ಸುತ್ತಲಿನ ಟವರ್‌ಗಳ ಸಿಗ್ನಲ್ ಅಳೆದು ತಿಳಿಸುತ್ತದೆ ಅಷ್ಟೇ. ತೀರ್ಮಾನ ನೆಟ್‌ವರ್ಕಿನದು, ಅದು ಹೊರಳಿಸುತ್ತದೆ. ವೈಫೈ ವಿಷಯದಲ್ಲಿ ತೀರ್ಮಾನ ಹೆಚ್ಚಾಗಿ ಫೋನಿನದೇ. ಒಮ್ಮೆ ಪಾಸ್‌ವರ್ಡ್ ಕೊಟ್ಟಿಟ್ಟ ವೈಫೈ ಸಿಕ್ಕರೆ ತಾನಾಗೇ ಹೊರಳುತ್ತದೆ. ವೈಫೈ ಕುಂಟಿದರೆ ಮೊಬೈಲ್ ಡೇಟಾಗೆ ಹೊರಳುವ ಏರ್ಪಾಡು ಐಫೋನಿನಲ್ಲಿ 2015ರಿಂದ ಇದೆ.

ಅದಕ್ಕೇ ನಿಮ್ಮ ‘ಜನ ಹೆಚ್ಚಾದಾಗ ಫೋನು ತಾನಾಗಿ’ ಅನ್ನುವ ಸಾಲಿಗೆ ನನ್ನ ಒಪ್ಪಿಗೆಯಿಲ್ಲ. ಹೋದ ತಿಂಗಳು ಮದುವೆ ಛತ್ರದಲ್ಲಿ ಧಾರೆ ಮುಗಿದ ಕೂಡಲೇ ಊರಲ್ಲಿದ್ದ ಅಜ್ಜಿಗೆ ಫೋಟೋ ಕಳಿಸಲು ಹೋದೆ. ಸಿಗ್ನಲ್ ಗೆರೆ ಪೂರ್ತಿ ಇತ್ತು. ಫೋಟೋ ಮೇಲಿನ ಚಕ್ರ ಮಾತ್ರ ಸುತ್ತುತ್ತಲೇ ಇತ್ತು. ಟವರ್ ಎಷ್ಟು ಚೆನ್ನಾಗಿ ಸಿಗುತ್ತಿದೆ ಅಂತ ಆ ಗೆರೆಗಳು ಹೇಳುತ್ತವೆ. ಅದನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಅಂತ ಹೇಳುವುದಿಲ್ಲ. ಕೊನೆಗೆ ಛತ್ರದ ವೈಫೈಗೆ ನಾನೇ ಹೊರಳಿಸಿದೆ, ಆಮೇಲೆ ಹೋಯಿತು.

ಹೀಗೆ ಜನ ಹೆಚ್ಚಾಗಿ ನೆಟ್‌ವರ್ಕ್ ಕಿಕ್ಕಿರಿಯುವುದಕ್ಕೆ, ಅಂದರೆ ಕಂಜೆಶನ್‌ಗೆ, ‘ದಟ್ಟಣೆ’ ಇದ್ದೇ ಇದೆ, ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ‘ನೂಕುನುಗ್ಗಲು’ ಮೈಗೆ ಮೈ ತಾಗುವಲ್ಲಿನ ಮಾತು, ಇಲ್ಲಿ ಸಲ್ಲದು. ನಿಮ್ಮ ಬೋರ್ಡಿಗೆ ಎರಡೂ ಬೇಕಿಲ್ಲ. ಹೀಗೆ ಬರೆಸಿ:

‘ಜನ ಜಾಸ್ತಿ ಇದ್ದಾಗ ಮೊಬೈಲ್ ಡೇಟಾ ನಿಧಾನವಾಗಬಹುದು. ಆಗ ನಿಮ್ಮ ಫೋನನ್ನು ಸಭಾಭವನದ ವೈಫೈಗೆ ಹೊರಳಿಸಿ.’